ಟರಾಂಟುಲಾಗೆ ಬೇಜಾರಾಗುತ್ತಾ?

ಒಂದು ಚೆಂಡಿನ ವಿಷಯದಿಂದ ಶುರು ಮಾಡುತ್ತೇನೆ.

ಟರಾಂಟುಲಾ ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡ. ನಾನು ಸಾಕಿರುವ ಟರಾಂಟುಲಾಗಳಲ್ಲಿ ಎಲ್ಲಕ್ಕಿಂತ ಹಳೆಯದು ಒಂದು ಹೆಣ್ಣು. ಮೆಕ್ಸಿಕನ್ ರೆಡ್ ನೀ ಅಂತಾರಲ್ಲ, ಆ ಜಾತಿ. ಕಪ್ಪು ಮೈ, ಮಂಡಿಗಳಲ್ಲಿ ಕೆಂಡದ ಬಣ್ಣ. ಬಂದಾಗ ಉಗುರಿನಷ್ಟಿತ್ತು. ಈಗ 14 ವರ್ಷ. ಕಾಲು ಚಾಚಿ ಕೂತರೆ ನನ್ನ ಅಂಗೈ ಮುಚ್ಚುತ್ತದೆ. ಮನೆಯವರೆಲ್ಲ ಅದನ್ನು ಅಜ್ಜಿ ಅಂತ ಕರೆಯುತ್ತಾರೆ. ಹೆಸರಿಡುವುದು ಅಷ್ಟು ಒಳ್ಳೆಯದಲ್ಲ ಅಂತ ನನಗೂ ಗೊತ್ತು. ಹೆಸರಿಟ್ಟ ಕೂಡಲೇ ನಮ್ಮ ಬುದ್ಧಿಯನ್ನೆಲ್ಲ ಅದಕ್ಕೆ ಅಂಟಿಸಲು ಶುರು ಮಾಡುತ್ತೇವೆ. ಆದರೂ ಇಟ್ಟಾಯಿತು.

ಒಂದು ಸಂಜೆ ಗೋಲಿಗಿಂತ ಸ್ವಲ್ಪ ದೊಡ್ಡದಾದ ಒಂದು ಹಗುರ ಪ್ಲಾಸ್ಟಿಕ್ ಚೆಂಡನ್ನು ಅಜ್ಜಿಯ ಬಿಲದ ಬಾಯಿಯ ಪಕ್ಕದಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಚೆಂಡು ನೀರಿನ ಬಟ್ಟಲಲ್ಲಿತ್ತು. ತೆಗೆದು ಒರೆಸಿ ಮತ್ತೆ ಅದೇ ಜಾಗದಲ್ಲಿಟ್ಟೆ. ಮರುದಿನ ಮತ್ತೆ ಬಟ್ಟಲಲ್ಲಿ. ಐದು ರಾತ್ರಿ ಇದೇ ಆಯಿತು. ನನಗಂತೂ ಹಿಗ್ಗೋ ಹಿಗ್ಗು. ನನ್ನ ಜೇಡ ಚೆಂಡಾಡುತ್ತದೆ ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ.

ಆರನೇ ರಾತ್ರಿ, ಯಾಕೋ ಅನುಮಾನ ಬಂದು, ಚೆಂಡಿನ ಬದಲು ಅದೇ ಗಾತ್ರದ ಕಲ್ಲಿಟ್ಟೆ. ಅದೂ ಬಟ್ಟಲಿಗೆ ಹೋಯಿತು. ಬಾಟಲಿ ಮುಚ್ಚಳ ಇಟ್ಟೆ. ಅದೂ ಬಟ್ಟಲಿಗೆ. ಆಮೇಲೆ ಚೆಂಡನ್ನು ಬಿಲದಿಂದ ದೂರ, ಪೆಟ್ಟಿಗೆಯ ಆ ಕಡೆ ಮೂಲೆಯಲ್ಲಿಟ್ಟೆ. ಮೂರು ವಾರ ಇಟ್ಟಲ್ಲೇ ಇತ್ತು. ಅಂದರೆ ಅಜ್ಜಿ ಆಡುತ್ತಿರಲಿಲ್ಲ, ಬಾಗಿಲು ಗುಡಿಸುತ್ತಿದ್ದಳು. ಬಾಗಿಲಿಗೆ ಅಡ್ಡ ಬಂದದ್ದನ್ನೆಲ್ಲ ಎತ್ತಿಕೊಂಡು ಹೋಗಿ ಕಸದ ಜಾಗಕ್ಕೆ ಹಾಕುವುದು. ಅವಳ ಲೆಕ್ಕದಲ್ಲಿ ನೀರಿನ ಬಟ್ಟಲೇ ಕಸದ ಜಾಗ. ಟರಾಂಟುಲಾ ಸಾಕಿದವರು ಇಲ್ಲಿ ನಗುತ್ತಿದ್ದೀರಿ. ತಿಂದುಳಿದ ಉಂಡೆ, ಮಣ್ಣು, ಕಳಚಿದ ಪೊರೆಯ ಚೂರು, ಎಲ್ಲಾ ಆ ಬಟ್ಟಲಿಗೇ ಬರುತ್ತದೆ, ಅಲ್ವಾ?

ಹಾಗಂತ ಆಟದ ಮಾತನ್ನೇ ಪೂರ್ತಿ ತಳ್ಳಿಹಾಕುವುದೂ ತಪ್ಪು. 2022ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ಬಂಬಲ್‌ಬೀ ಅನ್ನುವ ದುಂಬಿಯಂಥ ಜೇನ್ನೊಣಗಳ ಮೇಲೆ ಮಾಡಿದ ಕೆಲಸ ಪ್ರಕಟವಾಯಿತು. ನೊಣಗಳು ಊಟಕ್ಕೆ ಹೋಗುವ ದಾರಿಯ ಪಕ್ಕದಲ್ಲಿ ಪುಟ್ಟ ಮರದ ಚೆಂಡುಗಳನ್ನು ಇಟ್ಟಿದ್ದರು. ಉರುಳಿಸಿದರೆ ಏನೂ ಸಿಗುತ್ತಿರಲಿಲ್ಲ. ಆದರೂ ದಾರಿ ಬಿಟ್ಟು ಬಂದು ಉರುಳಿಸುತ್ತಿದ್ದವು. ಒಂದಂತೂ 117 ಸಲ ಉರುಳಿಸಿತು. ದೊಡ್ಡವಕ್ಕಿಂತ ಎಳೆಯವೇ ಜಾಸ್ತಿ ಉರುಳಿಸಿದವು. ಹಾಗಾಗಿ ಹುಳಕ್ಕೆಲ್ಲಿಯ ಆಟ ಅಂತ ಈಗ ಸುಲಭವಾಗಿ ಹೇಳುವ ಹಾಗಿಲ್ಲ.

ಯಾವುದು ಆಟ, ಯಾವುದು ಅಲ್ಲ ಅನ್ನುವುದಕ್ಕೆ ಗಾರ್ಡನ್ ಬರ್ಗಾರ್ಟ್ ಅನ್ನುವ ವಿಜ್ಞಾನಿ ಐದು ಅಳತೆ ಕೊಟ್ಟಿದ್ದಾರೆ. ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಆ ಹೊತ್ತಿಗೆ ಅದರಿಂದ ಹೊಟ್ಟೆಪಾಡಿನ ಉಪಯೋಗ ಇರಬಾರದು. ತಾನಾಗಿ, ಖುಷಿಗೆ ಮಾಡಬೇಕು. ನಿಜವಾದ ಕೆಲಸದಲ್ಲಿ ಮಾಡುವ ರೀತಿಗಿಂತ ಬೇರೆ ಥರ ಇರಬೇಕು. ಮತ್ತೆ ಮತ್ತೆ ಮಾಡಬೇಕು, ಆದರೆ ಹುಚ್ಚು ಹಿಡಿದ ಹಾಗೆ ಒಂದೇ ಥರ ಅಲ್ಲ. ಜೊತೆಗೆ ಪ್ರಾಣಿ ಹಸಿವು ಭಯಗಳಿಲ್ಲದೆ ನೆಮ್ಮದಿಯಾಗಿರಬೇಕು. ಅಜ್ಜಿಯ ಚೆಂಡು ಮೊದಲನೇ ಅಳತೆಯಲ್ಲೇ ಬಿದ್ದುಹೋಯಿತು. ಬಾಗಿಲು ತೆರವು ಮಾಡುವುದು ಉಪಯೋಗದ ಕೆಲಸವೇ.

ಹಾಗಾದರೆ ಜೇಡಕ್ಕೆ ಎನ್‌ರಿಚ್‌ಮೆಂಟ್ ಅಂದರೆ ಏನು? ಈ ಮಾತು ಬಂದದ್ದು ಮೃಗಾಲಯಗಳಿಂದ, ಪ್ರಯೋಗಾಲಯಗಳಿಂದ. ಬೋನಿನಲ್ಲಿರುವ ಪ್ರಾಣಿಗೆ ಊಟ ನೀರು ಕೊಟ್ಟರೆ ಸಾಲದು, ಮಾಡಲಿಕ್ಕೆ ಏನಾದರೂ ಬೇಕು ಅನ್ನುವುದು ಅದರ ತಿರುಳು. ಅಮೆರಿಕದಲ್ಲಿ 1985ರಲ್ಲಿ ಕಾನೂನು ತಿದ್ದಿ, ಪ್ರಯೋಗಾಲಯದ ಮಂಗಗಳ ಮಾನಸಿಕ ನೆಮ್ಮದಿಯನ್ನೂ ನೋಡಿಕೊಳ್ಳಬೇಕು ಅಂತ ಬರೆದರು. ಬ್ರಿಟನ್ನಿನ 2022ರ ಕಾನೂನು ಆಕ್ಟೋಪಸ್, ಏಡಿ, ಸೀಗಡಿಗಳನ್ನೂ ನೋವು ನಲಿವು ಅರಿಯುವ ಜೀವಿಗಳ ಪಟ್ಟಿಗೆ ಸೇರಿಸಿತು. ಜೇಡ ಆ ಪಟ್ಟಿಯಲ್ಲಿಲ್ಲ. ಏಡಿಯ ದೂರದ ನೆಂಟ, ಆದರೂ ಇಲ್ಲ. ಅಂದರೆ ಟರಾಂಟುಲಾವನ್ನು ಹೇಗೆ ಇಟ್ಟುಕೊಂಡಿದ್ದೀರಿ ಅಂತ ಇಂಥ ಕಾನೂನು ಬಂದು ಕೇಳುವುದಿಲ್ಲ. ನಾವೇ ಕೇಳಿಕೊಳ್ಳಬೇಕು.

ಕೇಳಿಕೊಳ್ಳುವ ಮೊದಲು ಅದರ ಲೋಕ ಎಂಥದು ಅಂತ ನೋಡಿ. ಟರಾಂಟುಲಾಗೆ ಎಂಟು ಕಣ್ಣಿವೆ. ನೆತ್ತಿಯ ಮೇಲೆ ಒಂದು ಸಣ್ಣ ದಿಬ್ಬದಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಆದರೆ ಆಕಾರ ಗುರುತಿಸುವಷ್ಟು ದೃಷ್ಟಿ ಇಲ್ಲ. ಬೆಳಕು, ನೆರಳು, ಅಷ್ಟೇ ಅಂತಿಟ್ಟುಕೊಳ್ಳಿ. ಅದರ ನಿಜವಾದ ಕಣ್ಣು, ಕಿವಿ, ಮೂಗು, ನಾಲಿಗೆ ಎಲ್ಲಾ ಇರುವುದು ಕಾಲಿನಲ್ಲಿ. ಕಾಲಿನ ಕೆಲವು ಕೂದಲು ಎಷ್ಟು ನವಿರು ಅಂದರೆ ಹತ್ತಿರದಲ್ಲಿ ಒಂದು ಜಿರಳೆ ಹಾದರೆ ಗಾಳಿ ಅಲುಗಿದ್ದಕ್ಕೇ ಬಾಗುತ್ತವೆ. ಇನ್ನು ಕೆಲವು ಕೂದಲು ಮುಟ್ಟಿದ್ದರ ರುಚಿ ನೋಡುತ್ತವೆ. ನಾವು ಬರಿಗಾಲಲ್ಲಿ ನಡೆಯುವಾಗ ನೆಲದ ರುಚಿಯೂ ನಾಲಿಗೆಗೆ ಬಂದರೆ ಹೇಗಿರುತ್ತದೆ, ಯೋಚಿಸಿ. ಬಹಳ ಜಾಗಗಳಲ್ಲಿ ಬೇಡವೇ ಬೇಡ ಅನ್ನಿಸುತ್ತದೆ.

ಆದ್ದರಿಂದ ಪೆಟ್ಟಿಗೆಯಲ್ಲಿ ಬಣ್ಣದ ಗೊಂಬೆ, ತಲೆಬುರುಡೆ, ಪುಟಾಣಿ ಕೋಟೆ ಇಡುವುದೆಲ್ಲ ನಮಗಾಗಿ. ಇಡಬೇಡಿ ಅಂತಲ್ಲ. ನಮ್ಮ ಕಣ್ಣಿಗೆ ಚಂದ ಅಂತ ಒಪ್ಪಿಕೊಂಡು ಇಡಿ. ಜೇಡಕ್ಕೆ ಅದು ಏರುವ ಇಳಿಯುವ ಒಂದು ಗಟ್ಟಿ ವಸ್ತು, ಅಷ್ಟೇ. ಚೂಪಾಗಿದ್ದರೆ ಅಪಾಯ ಕೂಡ.

ಜೇಡಕ್ಕೆ ಬೇಕಾದ ವಸ್ತು ಮಣ್ಣು. ಜಾಸ್ತಿ ಮಣ್ಣು. ನೆಲದ ಟರಾಂಟುಲಾಗಳನ್ನು ಸಾಕುವವರು ಮಾಡುವ ದೊಡ್ಡ ಕಂಜೂಸುತನ ಇದೇ. ಎರಡು ಬೆರಳು ದಪ್ಪ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹರಡಿ, ಮೇಲೆ ಒಂದು ಅರ್ಧ ಕುಂಡ ಬೋರಲು ಹಾಕಿ, ಮನೆ ಆಯಿತು ಅನ್ನುವುದು. ನಾನೂ ಹಾಗೇ ಮಾಡಿದ್ದೆ. ಮೂರನೇ ವರ್ಷದಲ್ಲಿ ಅಜ್ಜಿಗೆ ಒಂದು ಗೇಣು ಆಳದ ಮಣ್ಣು ಹಾಕಿದೆ. ಒತ್ತಿ ಗಟ್ಟಿ ಮಾಡಿ, ಒಂದು ಮರದ ತೊಗಟೆಯ ಕೆಳಗೆ ಬೆರಳಿನಿಂದ ಸಣ್ಣ ಗುಳಿ ಮಾಡಿಟ್ಟೆ. ಬಿಲ ಪೂರ್ತಿ ನಾನೇ ತೋಡಲಿಲ್ಲ. ಶುರು ಮಾಡಿ ಬಿಟ್ಟೆ.

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮಂದ ದೀಪ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದೆ. ಮೊದಲು ಅರ್ಧ ಗಂಟೆ ಮುಂಗಾಲುಗಳಿಂದ ಗುಳಿಯ ಅಂಚನ್ನು ತಟ್ಟಿ ತಟ್ಟಿ ನೋಡಿತು. ಕುರುಡರು ಕೋಲಿನಿಂದ ದಾರಿ ನೋಡುತ್ತಾರಲ್ಲ, ಹಾಗೆ. ಆಮೇಲೆ ಒಳಗೆ ತಲೆ ಹಾಕಿತು. ಕೆರೆಯುವ ಸದ್ದು ಗಾಜಿನ ಆಚೆಗೂ ಕೇಳುತ್ತಿತ್ತು. ವಿಷದ ಹಲ್ಲುಗಳಿಂದ ಮಣ್ಣು ಬಿಡಿಸಿ, ಬಾಯಿಯ ಪಕ್ಕದ ಎರಡು ಪುಟ್ಟ ಕೈಗಳಿಂದ ಎದೆಗೆ ಅವುಚಿಕೊಂಡು, ಒಂದು ಉಂಡೆ ಹೊತ್ತು ಹೊರಗೆ ಬಂತು. ಉಂಡೆ ಉದುರದ ಹಾಗೆ ನೂಲು ಸುತ್ತಿತ್ತು. ಆ ನೂಲು ಸುತ್ತಿದ್ದನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಮಣ್ಣನ್ನು ಕಟ್ಟಿಕೊಂಡು ಬರುತ್ತಿದೆ! ಬಟ್ಟಲವರೆಗೆ ನಡೆದು, ಇಳಿಸಿ, ಅಂಗೈಯಿಂದ ಒತ್ತಿದ ಹಾಗೆ ಎರಡು ಸಲ ಒತ್ತಿ, ವಾಪಸ್ ಹೋಯಿತು. ಬೆಳಗಾಗುವ ಹೊತ್ತಿಗೆ ಬಟ್ಟಲು ಕಾಣಿಸುತ್ತಲೇ ಇರಲಿಲ್ಲ. ಈ ಕೆಲಸ ಹನ್ನೊಂದು ದಿನ ನಡೆಯಿತು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಒಂದೇ ಕಡೆ ಕಲ್ಲಿನಂತೆ ಕೂತಿದ್ದ ಪ್ರಾಣಿ ಅದು. "ಇವು ಏನೂ ಮಾಡಲ್ಲ ಸಾರ್, ಸುಮ್ನೆ ಕೂತಿರ್ತವೆ" ಅನ್ನುತ್ತಾರಲ್ಲ, ಮಾಡಲಿಕ್ಕೆ ನಾವು ಏನು ಕೊಟ್ಟಿದ್ದೆವು?

ಮರದ ಮೇಲಿರುವ ಜಾತಿಗಳಿಗೆ ಲೆಕ್ಕ ಬೇರೆ. ಪಿಂಕ್ ಟೋ ಥರದವಕ್ಕೆ ಆಳ ಬೇಡ, ಎತ್ತರ ಬೇಕು. ನಿಲ್ಲಿಸಿದ ತೊಗಟೆ, ಅದಕ್ಕೆ ಒರಗಿದ ಎಲೆ, ಬಲೆ ಕಟ್ಟಿಕೊಳ್ಳಲು ಸಂದುಗೊಂದು. ಈ ಗುಂಪಿನ ಹೆಸರಿನ ಹಿಂದೆ ಒಂದು ಕಥೆಯಿದೆ. ಮರಿಯಾ ಸಿಬಿಲಾ ಮೇರಿಯನ್ ಅನ್ನುವ ಜರ್ಮನ್ ಚಿತ್ರಕಾರ್ತಿ ಸುರಿನಾಮ್ ಕಾಡಿಗೆ ಹೋಗಿ ಬಂದು, 1705ರಲ್ಲಿ ಜೇಡವೊಂದು ಹಕ್ಕಿ ತಿನ್ನುವ ಚಿತ್ರ ಪ್ರಕಟಿಸಿದಳು. ಹೆಂಗಸಿನ ಕಲ್ಪನೆ ಅಂತ ಆಮೇಲಿನ ಕೆಲವು ಪಂಡಿತರು ನಕ್ಕರು. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುತ್ತಿದ್ದ ಲಿನೇಯಸ್ ಮಾತ್ರ 1758ರಲ್ಲಿ ಈ ಜೇಡಕ್ಕೆ ಹಕ್ಕಿಯ ಹೆಸರನ್ನೇ ಸೇರಿಸಿ ಅವಿಕ್ಯುಲಾರಿಯಾ ಅಂತ ಕರೆದ. ಟರಾಂಟುಲಾ ಅನ್ನುವ ಹೆಸರಂತೂ ಇವುಗಳದ್ದೇ ಅಲ್ಲ. ಇಟಲಿಯ ಟಾರಾಂಟೋ ಊರಿನ ಬೇರೊಂದು ಜೇಡದ್ದು. ಅದು ಕಚ್ಚಿದರೆ ಕುಣಿದೇ ವಿಷ ಇಳಿಸಬೇಕು ಅಂತ ಅಲ್ಲಿನ ಜನ ನಂಬಿದ್ದರು. ಇರಲಿ, ದಾರಿ ತಪ್ಪಿದೆ.

ಈಗ ನನ್ನ ದೊಡ್ಡ ತಪ್ಪಿನ ವಿಷಯ. ಮೊದಲ ವರ್ಷ ನಾನು ಅತಿ ಶುಚಿ. ಎರಡು ವಾರಕ್ಕೊಮ್ಮೆ ಮಣ್ಣೆಲ್ಲ ತೆಗೆದು ಹೊಸದು ಹಾಕುತ್ತಿದ್ದೆ. ತೊಗಟೆಯ ಜಾಗ ಬದಲಾಯಿಸುತ್ತಿದ್ದೆ, ಹೊಸತನ ಇರಲಿ ಅಂತ. ಪ್ರತಿ ಸಲವೂ ಅಜ್ಜಿ ಮೂರು ನಾಲ್ಕು ರಾತ್ರಿ ಗಾಜು ಹತ್ತುತ್ತಿತ್ತು. ಮೂಲೆಯಿಂದ ಮೂಲೆಗೆ ಸುತ್ತುತ್ತಿತ್ತು. ನಾನು ಅಂದುಕೊಂಡೆ, ಆಹಾ, ಎಷ್ಟು ಚುರುಕಾಯಿತು, ಎಷ್ಟು ಕುತೂಹಲ! ವಿಡಿಯೋ ಕೂಡ ಮಾಡಿದೆ. ಆಮೇಲೆ ಗೊತ್ತಾಯಿತು. ನೆಲಕ್ಕೆ ಅದು ಹಾಸಿದ ನೂಲು ಇದೆಯಲ್ಲ, ಅದೇ ಅದರ ದಾರಿ, ಅದರ ವಾಸನೆ, ಕತ್ತಲಲ್ಲಿ ಅದರ ಗೋಡೆ. ನಾನು ಎರಡು ವಾರಕ್ಕೊಮ್ಮೆ ಅದನ್ನೆಲ್ಲ ಕಿತ್ತು ಎಸೆಯುತ್ತಿದ್ದೆ. ಅದು ಮನೆ ಕಳೆದುಕೊಂಡು ಅಲೆಯುತ್ತಿತ್ತು.

ಹಾಗಾದರೆ ಕುತೂಹಲವನ್ನೂ ಕಂಗಾಲನ್ನೂ ಹೇಗೆ ಬೇರೆ ಮಾಡುವುದು? ನನಗೆ ಉಪಯೋಗಕ್ಕೆ ಬಂದ ಗುರುತು ಹೇಳುತ್ತೇನೆ. ಹುಡುಕಾಡುವ ಟರಾಂಟುಲಾ ನಿಧಾನ. ಒಂದು ಕಾಲಿಡುತ್ತದೆ, ನಿಲ್ಲುತ್ತದೆ, ಇಟ್ಟ ಜಾಗವನ್ನೇ ಇನ್ನೊಮ್ಮೆ ತಟ್ಟುತ್ತದೆ, ವಾಪಸ್ ಬಿಲಕ್ಕೆ ಹೋಗಿ ಬರುತ್ತದೆ. ಹಿಂದೆ ನೂಲು ಎಳೆದುಕೊಂಡು ಹೋಗುತ್ತದೆ. ಕಂಗಾಲಾದದ್ದು ಗೋಡೆ ಹಿಡಿಯುತ್ತದೆ. ಮೇಲೆ, ಮೂಲೆಗೆ, ಮುಚ್ಚಳಕ್ಕೆ. ವಾಪಸ್ ಹೋಗುವ ಜಾಗ ಅದಕ್ಕಿಲ್ಲ. ದಿನಗಟ್ಟಲೆ ಗಾಜಿನ ಮೇಲೇ ಇದ್ದರೆ ಮೊದಲು ಮಣ್ಣು ಮುಟ್ಟಿ ನೋಡಿ. ಬಹಳ ಸಲ ಮಣ್ಣು ತೀರಾ ಒದ್ದೆಯಾಗಿರುತ್ತದೆ, ಕಾಲಿಡಲು ಅದಕ್ಕೆ ಮನಸ್ಸಿರುವುದಿಲ್ಲ.

ಗಾಜು ಹತ್ತುವುದು ನೋಡಲು ಮಜಾ, ಆದರೆ ಬಿದ್ದರೆ ಸಾವು. ಹೊಟ್ಟೆಯ ಚರ್ಮ ತೆಳು. ಒಡೆದರೆ ಮುಗಿಯಿತು. ನೆಲದ ಜಾತಿಗಳಿಗೆ ಮಣ್ಣಿನಿಂದ ಮುಚ್ಚಳಕ್ಕೆ ಇರುವ ಎತ್ತರ ಕಾಲು ಚಾಚಿದ ಉದ್ದದ ಒಂದೂವರೆ ಪಟ್ಟು ದಾಟದಿರಲಿ. ಆಳ ಮಣ್ಣು ಹಾಕಿದರೆ ಇದೂ ತಾನಾಗಿ ಸರಿಹೋಗುತ್ತದೆ. ಜಾಲರಿ ಮುಚ್ಚಳ ಬೇಡ, ಉಗುರು ಸಿಕ್ಕಿಹಾಕಿಕೊಳ್ಳುತ್ತದೆ.

ನೋಡಿದವರನ್ನು ತಪ್ಪು ದಾರಿಗೆ ಎಳೆಯುವ ಇನ್ನೂ ಕೆಲವು ಚೇಷ್ಟೆಗಳಿವೆ. ಬೇಟೆ ಹಿಡಿದ ಮೇಲೆ ಟರಾಂಟುಲಾ ಕಾಲಿನ ತುದಿಯಲ್ಲಿ ಎದ್ದು ನಿಂತು ಗಿರ್ರನೆ ಸುತ್ತುತ್ತದೆ. ಸಾಕುವವರು ಇದಕ್ಕೆ ಹ್ಯಾಪಿ ಡ್ಯಾನ್ಸ್ ಅನ್ನುತ್ತಾರೆ. ಹಿಂಭಾಗ ನೋಡಿ. ನೂಲು ಬಿಡುವ ಎರಡು ಪುಟ್ಟ ಬೆರಳುಗಳು ನೆಲ ಸವರುತ್ತಿರುತ್ತವೆ. ಅದು ಚಾಪೆ ಹಾಸುತ್ತಿದೆ. ಊಟವನ್ನು ಅದರ ಮೇಲಿಟ್ಟು ಕಟ್ಟುತ್ತದೆ. ಬಿಲದ ಬಾಯಿಗೆ ಮಣ್ಣು ಮೆತ್ತಿ ವಾರಗಟ್ಟಲೆ ಒಳಗೇ ಇದ್ದರೆ ಮುನಿಸಿಕೊಂಡಿಲ್ಲ, ಪೊರೆ ಬಿಡಲು ಹೋಗಿದೆ. ಅಂಗಾತ ಬಿದ್ದು ಕಾಲು ಮೇಲೆ ಮಾಡಿದ್ದರೆ ಸತ್ತಿಲ್ಲ, ದಯವಿಟ್ಟು ಮುಟ್ಟಬೇಡಿ, ಪೊರೆ ಬಿಡುತ್ತಿದೆ. ಸಾಯುವ ಟರಾಂಟುಲಾ ನೆಟ್ಟಗೆ ಕೂತೇ ಕಾಲುಗಳನ್ನು ಮುಷ್ಟಿಯ ಹಾಗೆ ಒಳಗೆ ಮಡಚಿಕೊಳ್ಳುತ್ತದೆ. ಕಾಲು ಮಡಚಲು ಅದಕ್ಕೆ ಸ್ನಾಯು ಇದೆ, ಆದರೆ ಚಾಚಲು ಮೈಯೊಳಗಿನ ದ್ರವದ ಒತ್ತಡವೇ ಬೇಕು. ಒತ್ತಡ ಇಳಿದರೆ ಕಾಲು ಮುದುಡುತ್ತದೆ. ಕೆಲವು ಸಲ ಬರೀ ನೀರಡಿಕೆಯಿಂದಲೂ ಹೀಗಾಗುತ್ತದೆ. ಆಗ ನೀರಿನ ಅಂಚಿಗೆ ಬಾಯಿ ತಾಗುವ ಹಾಗೆ ಇಟ್ಟರೆ ಉಳಿಯಬಹುದು.

ಊಟದಲ್ಲೂ ಕೆಲಸ ಕೊಡಬಹುದು. ಪ್ರತಿ ಸಲವೂ ಒಂದೇ ಜಾಗದಲ್ಲಿ ಇಕ್ಕಳದಿಂದ ಬಾಯಿಗಿಡುವ ಬದಲು, ಜಿರಳೆಯನ್ನು ಪೆಟ್ಟಿಗೆಯ ಆ ತುದಿಯಲ್ಲಿ ಬಿಡಿ. ಅದರ ಹೆಜ್ಜೆ ಮಣ್ಣಿನ ಮೂಲಕ ತಲುಪಲಿ. ಅಜ್ಜಿ ಆಗ ಏನು ಮಾಡುತ್ತದೆ ಅಂದರೆ, ಮೊದಲು ಏನೂ ಮಾಡುವುದಿಲ್ಲ. ಬರೀ ಒಂದು ಮುಂಗಾಲು ಒಂದು ಕೂದಲೆಳೆಯಷ್ಟು ಎತ್ತುತ್ತದೆ. ಆ ಒಂದು ನಿಮಿಷ ಇದೆಯಲ್ಲ, ನನಗೆ ಹಿಡಿಯುವುದಕ್ಕಿಂತ ಅದೇ ಇಷ್ಟ. ಆದರೆ ತಿನ್ನದ ಬೇಟೆಯನ್ನು ಮರುದಿನ ತೆಗೆದುಬಿಡಿ. ಪೊರೆ ಬಿಟ್ಟು ಮೆತ್ತಗಿರುವ ಜೇಡವನ್ನು ಹುಳುಗಳೇ ಕಡಿದು ಹಾಕಬಹುದು. ಜೇಡದ ಹಲ್ಲು ಬಿಳಿಯಿಂದ ಕೆಂಪಿಗೆ, ಕೆಂಪಿಂದ ಕಪ್ಪಿಗೆ ತಿರುಗುವವರೆಗೆ ಊಟ ಬೇಡ.

ಇದರ ಜೊತೆ ಒಂದು ನಿಜವಾದ ಸೋಜಿಗ ಹೇಳಿಬಿಡುತ್ತೇನೆ. ಪೆರುವಿನ ಕಾಡಿನಲ್ಲಿ ಒಂದು ಜಾತಿಯ ದೊಡ್ಡ ಟರಾಂಟುಲಾ ಇದೆ. ಅದರ ಬಿಲದಲ್ಲೇ ಒಂದು ಪುಟ್ಟ ಕಪ್ಪೆ ವಾಸ ಮಾಡುತ್ತದೆ. ಜೇಡ ಕಪ್ಪೆಯನ್ನು ಹಿಡಿದು, ಬಾಯಿಯ ಹತ್ತಿರ ತಂದು ಪರೀಕ್ಷೆ ಮಾಡಿ, ಏನೂ ಮಾಡದೆ ಬಿಟ್ಟದ್ದನ್ನು ಸಂಶೋಧಕರು 1980ರ ದಶಕದಲ್ಲಿ ನೋಡಿ ಬರೆದಿದ್ದಾರೆ. ಹಿಡಿದದ್ದನ್ನೆಲ್ಲ ತಿನ್ನುವ ಯಂತ್ರ ಅದಲ್ಲ. ಮುಟ್ಟಿ, ರುಚಿ ನೋಡಿ, ಯಾರು ನೀನು ಅಂತ ಕೇಳುತ್ತದೆ.

ಕೈಯ ಮೇಲೆ ಬಿಟ್ಟುಕೊಳ್ಳುವುದು ಎನ್‌ರಿಚ್‌ಮೆಂಟಾ ಅಂತ ಈಗ ಒಬ್ಬರು ಚೀಟಿ ಕಳಿಸಿದ್ದಾರೆ. ನಿಮಗೆ ಹೌದು, ಅದಕ್ಕೆ ಅಲ್ಲ. ನಿಮ್ಮ ಕೈ ಅದಕ್ಕೆ ಬಿಸಿಯಾದ, ಉಪ್ಪುಪ್ಪಾದ, ಅಲುಗಾಡುವ ನೆಲ. ಬಿದ್ದರೆ ಏನಾಗುತ್ತದೆ ಅಂತ ಆಗಲೇ ಹೇಳಿದೆ. ಅಮೆರಿಕ ಖಂಡಗಳ ಬಹಳಷ್ಟು ಜಾತಿಗಳು ಹೆದರಿದರೆ ಹೊಟ್ಟೆಯ ಮೇಲಿನ ನವೆಯ ಕೂದಲನ್ನು ಹಿಂಗಾಲಿಂದ ಕೆರೆದು ಗಾಳಿಗೆ ತೂರುತ್ತವೆ. ಕಣ್ಣಿಗೆ ಹೋದರೆ ವೈದ್ಯರ ಹತ್ತಿರ ಓಡಬೇಕಾಗುತ್ತದೆ. ನಾನು ಮೊದಲು ಕೈಗೆ ತೆಗೆದುಕೊಳ್ಳುತ್ತಿದ್ದೆ. ಈಗ ಇಲ್ಲ.

ಜೇಡಗಳಿಗೆ ಇದರಿಂದ ನಿಜಕ್ಕೂ ವ್ಯತ್ಯಾಸ ಆಗುತ್ತದೆಯೇ, ಸಾಕ್ಷಿ ಏನು ಅಂತ ನೀವು ಕೇಳಬೇಕು. ಜಿಗಿಯುವ ಜೇಡಗಳ ಮೇಲೆ 2000ದಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಡಬ್ಬಿಯ ಗಾತ್ರ ಬದಲಾಯಿಸಿ, ಕೆಲವಕ್ಕೆ ಬಣ್ಣದ ಕಡ್ಡಿ ಇಟ್ಟು, ಕೆಲವಕ್ಕೆ ಇಡದೆ ಬೆಳೆಸಿದರು. ಬೆಳೆದ ಜಾಗಕ್ಕೆ ತಕ್ಕ ಹಾಗೆ ನಡವಳಿಕೆಯೂ ಬದಲಾಗಿತ್ತು. ಆದರೆ ಜಿಗಿಯುವ ಜೇಡ ಕಣ್ಣಿನಿಂದ ಬದುಕುವ ಪ್ರಾಣಿ, ನಮ್ಮದು ಕಾಲಿನಿಂದ. ಅಲ್ಲಿಯದನ್ನು ಹಾಗೇ ಎತ್ತಿ ಇಲ್ಲಿಗೆ ಹಾಕಲಾಗದು. ಬೇಜಾರಾಗುತ್ತಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ನಮ್ಮ ಥರದ ಬೇಜಾರು ಇರಲಿಕ್ಕಿಲ್ಲ. ಆದರೆ ತೋಡುವ ಕಾಲಿದ್ದು ತೋಡಲು ನೆಲವಿಲ್ಲದಿದ್ದರೆ, ಅದಕ್ಕೆ ಏನು ಹೆಸರಿಡುತ್ತೀರೋ ಇಡಿ.

ಕೊನೆಗೆ ಚೆಂಡಿಗೆ ಬರುತ್ತೇನೆ. ಮೂಲೆಯಲ್ಲಿಟ್ಟ ಚೆಂಡು ಮೂರು ವಾರ ಅಲ್ಲೇ ಇತ್ತು ಅಂದೆನಲ್ಲ, ಅದನ್ನು ನಾನು ತೆಗೆಯಲು ಮರೆತೆ. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಅಜ್ಜಿ ಬಿಲದಿಂದ ಬಂದು ಗೋಡೆ ಪಕ್ಕದಲ್ಲೇ ನಡೆದು ಆ ಮೂಲೆಗೆ ಹೋದಳು. ಎಡ ಮುಂಗಾಲನ್ನು ಚೆಂಡಿನ ಮೇಲಿಟ್ಟಳು. ತೆಗೆದಳು. ಮತ್ತೆ ಇಟ್ಟಳು. ಚೆಂಡು ಒಂದಿಷ್ಟು ಉರುಳಿತು. ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಕಾಲಿಟ್ಟಳು. ಮತ್ತೆ ಉರುಳಿತು. ಮೂರು ಸಲ ಹೀಗಾಯಿತು. ಎತ್ತಿಕೊಳ್ಳಲಿಲ್ಲ, ಕಚ್ಚಲಿಲ್ಲ, ಬಟ್ಟಲಿಗೆ ಹಾಕಲಿಲ್ಲ. ಆಮೇಲೆ ಹೋಗಿ ನೀರು ಕುಡಿದಳು.

ಅದಾದ ಮೇಲೆ ನಲವತ್ತು ರಾತ್ರಿ ಕಾದು ಕೂತೆ. ಇನ್ನೊಮ್ಮೆ ಮಾಡಲಿಲ್ಲ. ಮತ್ತೆ ಮತ್ತೆ ಮಾಡಬೇಕು ಅನ್ನುವ ಅಳತೆಯಲ್ಲಿ ಇದೂ ಬಿದ್ದುಹೋಯಿತು. ಲೆಕ್ಕದ ಪ್ರಕಾರ ಅದು ಆಟವಲ್ಲ. ಚೆಂಡು ಮಾತ್ರ ಇನ್ನೂ ಆ ಮೂಲೆಯಲ್ಲೇ ಇದೆ.